ನನ್ನ ಎಡಗಣ್ಣು ಮತ್ತು ಲಿನಕ್ಸ್ ಲ್ಯಾಬು

ಎಂದೂ ಇಲ್ಲದ ಹಾಗೆ ಆ ದಿನ ಪ್ರಿನ್ಸಿಪಾಲರು ನನಗೆ ಕಾಫಿ ತರಿಸಿದರು. ಅನುಮಾನ ಬಂದಿದ್ದೇ ಆಗ. ಶಿವಮೊಗ್ಗದ ಆ ಖಾಸಗಿ ಕಾಲೇಜಿನಲ್ಲಿ ಬಿಸಿಎ ವಿದ್ಯಾರ್ಥಿಗಳಿಗೆ ಲಿನಕ್ಸ್ ಲ್ಯಾಬ್ ನಡೆಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದಾಗಿನಿಂದ ಅವರ ಕೋಣೆಗೆ ನಾನು ಹೋಗಿದ್ದರೆ ಏನೋ ಕೆಟ್ಟಿದೆ ಎಂದು ಹೇಳಲು ಹೋಗಿದ್ದೆ, ಇಲ್ಲವೇ ಏನೋ ಬೇಕು ಎಂದು ಕೇಳಲು. ಕಾಫಿ ಕುಡಿಯಲು ಅಲ್ಲ.

“ಮೇಡಂ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ,” ಎಂದು ಶುರುಮಾಡಿದರು. “ಕಣ್ಣಿಗೆ ಯಾಕೆ ಇಷ್ಟು ತೊಂದರೆ ಕೊಡ್ತೀರಿ? ಲೈಬ್ರರಿಲಿ ಒಬ್ಬರು ಬೇಕಾಗಿದಾರೆ. ಸಂಬಳ ಇದೇ ಇರತ್ತೆ. ಆರಾಮಾಗಿ ಕೂತ್ಕೊಳ್ಳಿ.”

“ಲೈಬ್ರರಿಲಿ ಅಕ್ಷರ ಇನ್ನೂ ಸಣ್ಣದು ಸಾರ್,” ಅಂದೆ.

ಅವರು ಕಾಫಿ ಲೋಟವನ್ನು ಎತ್ತಿ ಮತ್ತೆ ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋಗಬೇಕಾದಾಗಲೆಲ್ಲ ಕೇಳಿದ ತಕ್ಷಣ ರಜೆ ಕೊಟ್ಟವರು. ಆದರೆ ಒಳ್ಳೆಯವರ ಜೊತೆ ಜಗಳವಾಡುವುದೇ ಹೆಚ್ಚು ಕಷ್ಟ. ಆಮೇಲೆ ನಿಜವಾದ ಕಾರಣ ಹೇಳಿದರು. ವಿದ್ಯಾರ್ಥಿಗಳು ದೂರು ಕೊಟ್ಟಿದ್ದರು. ಮೇಡಂಗೆ ಸ್ಕ್ರೀನ್ ಕಾಣಿಸುವುದಿಲ್ಲ, ಒಂದು ಸಾಲು ಟೈಪ್ ಮಾಡುವುದಕ್ಕೆ ಕ್ಲಾಸ್ ಮುಗಿದುಹೋಗುತ್ತದೆ ಎಂದು.

ದೂರು ಸುಳ್ಳಲ್ಲ, ಅದೇ ಹೆಚ್ಚು ಚುಚ್ಚಿದ್ದು.

ನನ್ನ ಬಲಗಣ್ಣಿನ ದೃಷ್ಟಿಯ ನಡುಭಾಗ ಹೋಗಿ ಕೆಲವು ವರ್ಷಗಳಾಗಿದ್ದವು. ಅಕ್ಷಿಪಟಲದ ಮಧ್ಯದಲ್ಲಿ ರಕ್ತ ಸೋರಿ ಕಲೆಯಾಗಿದೆ ಎಂದು ಡಾಕ್ಟರು ಹೇಳಿದ್ದರು. ಎಡಗಣ್ಣಿನಲ್ಲೂ ಒಂದು ಸಣ್ಣ ಮಸುಕು. ಅದಕ್ಕೇ ತಲೆಯನ್ನು ತುಸು ಓರೆ ಮಾಡಿ, ನೋಡಬೇಕಾದ್ದರ ಪಕ್ಕಕ್ಕೆ ದೃಷ್ಟಿ ಇಟ್ಟು ನೋಡುವುದನ್ನು ಕಲಿತಿದ್ದೆ. ಲ್ಯಾಬಿನಲ್ಲಿ ಒಬ್ಬಳನ್ನು ಪ್ರಶ್ನೆ ಕೇಳಿದರೆ, ಅವಳ ಪಕ್ಕದವಳು ಗಾಬರಿಯಿಂದ ಎದ್ದು ನಿಲ್ಲುತ್ತಿದ್ದಳು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಇಬ್ಬರ ಕೈಯಲ್ಲೂ ಉತ್ತರ ಹೇಳಿಸಲು ಶುರುಮಾಡಿದೆ.

ಆದರೂ ದೊಡ್ಡ ಅಕ್ಷರ ಇದ್ದರೆ ನನ್ನ ಎಡಗಣ್ಣು ಚೆನ್ನಾಗಿಯೇ ಓದುತ್ತಿತ್ತು. ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಲಿನಕ್ಸ್; ಹಳೆಯ ಲ್ಯಾಬಿನಲ್ಲಿ ಕಂಪ್ಯೂಟರುಗಳ ಮೇಲೆ ನೇರವಾಗಿ ಅದೇ ಇತ್ತು. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಂಡು ಪಾಠ ಮಾಡುತ್ತಿದ್ದೆ. ತೊಂದರೆಯಾದದ್ದು ಹೊಸ ಕಂಪ್ಯೂಟರ್ ಬಂದಾಗ. ಕಾಮರ್ಸ್ ವಿಭಾಗಕ್ಕೂ ಅವೇ ಬೇಕಾಗಿದ್ದರಿಂದ ಸಪ್ಲೈ ಮಾಡಿದವರು ಅವುಗಳಲ್ಲಿ ವಿಂಡೋಸ್ ಹಾಕಿ, ಅದರೊಳಗೆ ವರ್ಚುವಲ್ ಮೆಷಿನ್ ಆಗಿ ಲಿನಕ್ಸನ್ನು ಕೂರಿಸಿಕೊಟ್ಟರು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ. ಹೊರಗಿನದಕ್ಕೆ ಹೋಸ್ಟ್ ಎನ್ನುತ್ತಾರೆ, ಒಳಗಿನದಕ್ಕೆ ಗೆಸ್ಟ್. ಆ ಒಳಗಿನ ಲಿನಕ್ಸಿಗೆ ತಾನು ಎಷ್ಟು ದೊಡ್ಡ ಪರದೆಯ ಮೇಲೆ ಇದ್ದೇನೆ ಎಂಬುದೇ ಗೊತ್ತಿರಲಿಲ್ಲ. ಅಷ್ಟಗಲದ ಮಾನಿಟರಿನ ನಡುವೆ ಅಂಚೆ ಲಕೋಟೆಯಷ್ಟು ಒಂದು ಕಿಟಕಿ. ಸುತ್ತಲೂ ಕಪ್ಪು.

ಆ ಕಿಟಕಿಯೊಳಗೆ ಅಕ್ಷರ ದೊಡ್ಡದು ಮಾಡಿದರೆ ನಾಲ್ಕಾರು ಸಾಲು ಮಾತ್ರ ಹಿಡಿಸುತ್ತಿದ್ದವು. ಏನಾದರೂ ಪ್ರಶ್ನೆಯ ಪೆಟ್ಟಿಗೆ ತೆರೆದುಕೊಂಡರೆ ‘ಓಕೆ’ ಬಟನ್ನು ಪರದೆಯ ಕೆಳಗೆ ಎಲ್ಲೋ ಬಿದ್ದುಹೋಗಿರುತ್ತಿತ್ತು. ಹೊರಗಿನಿಂದ ಹಿಗ್ಗಿಸಿ ನೋಡಿದೆ. ಅಕ್ಷರಗಳೆಲ್ಲ ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿಕೊಂಡವು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬಹುದಿತ್ತು. ಆದರೆ ತರಗತಿ ನಡೆಸುತ್ತಾ ಎಷ್ಟು ಸಲ ಹಾಗೆ ಮಾಡುವುದು? ಒಂದು ದಿನ ಒಂದು ಆದೇಶವನ್ನು ಮತ್ತೆ ಮತ್ತೆ ಟೈಪ್ ಮಾಡಿದರೂ ಅದು ಓಡಲಿಲ್ಲ. ಹಿಂದಿನ ಸಾಲಿನಿಂದ ಒಂದು ದನಿ ಬಂತು: “ಮೇಡಂ, ಅದು ಒಂದಲ್ಲ, ಎಲ್ಲು!” ಇಂಗ್ಲಿಷಿನ ಎಲ್ ಅಕ್ಷರ ಇರಬೇಕಾದಲ್ಲಿ ನಾನು ಅಂಕಿ ಒಂದನ್ನು ಒತ್ತುತ್ತಿದ್ದೆ. ಇಡೀ ಲ್ಯಾಬು ನಕ್ಕಿತು. ನಾನೂ ನಕ್ಕೆ. ಸಂಜೆ ಭದ್ರಾವತಿಯ ಮನೆಗೆ ವಾಪಸು ಹೋಗುವ ಬಸ್ಸಿನಲ್ಲಿ ಮಾತ್ರ ನಗು ಬರಲಿಲ್ಲ.

ಪ್ರಿನ್ಸಿಪಾಲರ ಎದುರು ಕುಳಿತಾಗ ಇದೆಲ್ಲ ವಿವರಿಸಲು ನೋಡಿದೆ. ಅವರು ಗೋಡೆ ಗಡಿಯಾರದತ್ತ ಕಣ್ಣು ಹಾಯಿಸಿದರು.

“ತೊಂದರೆ ಕಣ್ಣಿನದೊಂದೇ ಅಲ್ಲ ಸಾರ್, ಕಿಟಕಿದೂ ಇದೆ. ಗೆಸ್ಟ್ ಯುಟಿಲಿಟಿ ಅಂತ ಒಂದು ಸಾಫ್ಟ್‌ವೇರ್ ಇದೆ. ಅದನ್ನ ಒಳಗಿನ ಲಿನಕ್ಸಿಗೆ ಹಾಕಿದ್ರೆ ಪರದೆ ಪೂರ್ತಿ ಅಗಲ ಆಗತ್ತೆ. ಸಪ್ಲೈ ಮಾಡಿದವರು ಹಾಕೇ ಇಲ್ಲ.”

“ಅವರನ್ನೇ ಕೇಳಿ ಮತ್ತೆ.”

“ಕೇಳಿದೀನಿ. ಅದು ಹಾಗೇ ಬರೋದು ಮೇಡಂ, ಏನೂ ಮುಟ್ಟಬೇಡಿ ಅಂದ್ರು.”

“ಹಾಗಾದ್ರೆ ಮುಟ್ಟಬೇಡಿ.”

“ಸೋಮವಾರ ನನ್ನ ಲ್ಯಾಬಿಗೆ ಬನ್ನಿ ಸಾರ್,” ಎಂದು ಎದ್ದು ನಿಂತೆ. “ಹಿಂದಿನ ಸಾಲಲ್ಲಿ ಕೂತು ಪೂರ್ತಿ ಕ್ಲಾಸ್ ನೋಡಿ. ನಾನು ಪಾಠ ಮಾಡಕ್ಕೆ ಲಾಯಕ್ಕಿಲ್ಲ ಅಂತ ಅನ್ನಿಸಿದ್ರೆ ಆಮೇಲೆ ಹೇಳಿ. ಲೈಬ್ರರಿಗೆ ಮಾತ್ರ ಹೋಗಲ್ಲ. ಮನೆಗೆ ಬೇಕಾದ್ರೆ ಹೋಗ್ತೀನಿ.”

ಆಡಿದ ಮೇಲೆ ನೆನಪಾಯಿತು: ಮನೆಯಲ್ಲಿ ನನ್ನ ಸಂಬಳವೇ ಮುಖ್ಯ. ಅವರು “ಬರ್ತೀನಿ,” ಎಂದಷ್ಟೇ ಹೇಳಿದರು. ಕಾಫಿ ಅಲ್ಲೇ ಉಳಿಯಿತು.

ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಕಿರಿಯಳೊಬ್ಬಳಿದ್ದಳು. ನಾನು ಲೈಬ್ರರಿಗೆ ಹೋದರೆ ಲ್ಯಾಬಿನ ಜವಾಬ್ದಾರಿ ಅವಳಿಗೆ ಎಂದು ಮೊದಲೇ ತೀರ್ಮಾನವಾಗಿತ್ತಂತೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಾಗಿತ್ತು. ಅವಳು ನನ್ನ ಮುಖ ನೋಡದೆ ವೈರುಗಳನ್ನು ಸುತ್ತುತ್ತಾ ನಿಂತಿದ್ದಳು.

“ಅಕ್ಕ, ನಾನು ಕೇಳಿದ್ದಲ್ಲ,” ಅಂದಳು.

“ಗೊತ್ತು ಕಣೇ. ಒಂದು ಸಹಾಯ ಮಾಡು. ಒಂದು ಮೆಷಿನ್ನಿನಲ್ಲಿರೋ ಲಿನಕ್ಸನ್ನ ಹಾಗೇ ಕಾಪಿ ಮಾಡಿ ಕೊಡು. ಮನೇಲಿ ನನ್ನ ಲ್ಯಾಪ್‌ಟಾಪಲ್ಲಿ ನೋಡ್ತೀನಿ. ಹಾಳಾದ್ರೆ ನನ್ನದು ಹಾಳಾಗತ್ತೆ, ಲ್ಯಾಬಿಗೆ ಏನೂ ಆಗಲ್ಲ.”

“ಮುಟ್ಟಬೇಡಿ ಅಂದಿದಾರಲ್ಲ ಅಕ್ಕ?”

“ನಾನೆಲ್ಲಿ ಮುಟ್ತಿದೀನಿ? ಮುಟ್ತಾ ಇರೋಳು ನೀನು.”

ಅವಳು ನಕ್ಕುಬಿಟ್ಟಳು. ಕಾಪಿಯಾಗುವವರೆಗೆ ಬಾಗಿಲ ಹತ್ತಿರ ನಿಂತು ಕಾದೆ.

ನಮ್ಮ ಮನೆ ಭದ್ರಾವತಿಯ ಕಾಗದನಗರದಲ್ಲಿ. ಗಂಡ ಅಲ್ಲಿನ ಕಾರ್ಖಾನೆಯಲ್ಲಿ ಕಾಗದದ ಯಂತ್ರದ ಮೇಲೆ ಕೆಲಸ ಮಾಡಿದವರು. ಕಾರ್ಖಾನೆ ನಿಂತ ಮೇಲೆ ಓಲ್ಡ್ ಟೌನಿನ ನಟ್ಟು ಬೋಲ್ಟಿನ ಅಂಗಡಿಯೊಂದರಲ್ಲಿ ಗಿರಾಕಿ ನೋಡಿಕೊಳ್ಳುತ್ತಾರೆ. ಭಾನುವಾರ ಅಂಗಡಿಗೆ ರಜೆ. ಬೆಳಗಿನ ತಿಂಡಿ ಮುಗಿಯುತ್ತಿದ್ದಂತೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

“ನೀವು ಏನೂ ಮಾಡೋದು ಬೇಡ ರೀ. ಪರದೆ ಮೇಲೆ ಏನು ಬರತ್ತೋ ಅದನ್ನ ಓದಿ, ಸಾಕು.”

“ಇಂಗ್ಲಿಷು?”

“ಅಕ್ಷರ ಅಕ್ಷರ ಓದಿ. ಅರ್ಥ ನಾನು ಮಾಡ್ಕೋತೀನಿ.”

ಮೆನುವಿನಲ್ಲಿ ಗೆಸ್ಟ್ ಯುಟಿಲಿಟಿಯ ಸಿ.ಡಿ.ಯನ್ನು ಸೇರಿಸುವ ಆಯ್ಕೆ ಇರುತ್ತದೆ. ನಿಜವಾದ ಸಿ.ಡಿ. ಅಲ್ಲ, ಒಳಗಿನ ಲಿನಕ್ಸಿಗೆ ಸಿ.ಡಿ. ಹಾಕಿದ ಹಾಗೆ ಕಾಣುವ ಒಂದು ಕಡತ. ಸೇರಿಸಿದೆ. ಅದನ್ನು ತೆರೆದು, ತಂತ್ರಾಂಶವನ್ನು ಅಳವಡಿಸುವ ಆದೇಶಗಳ ಪಟ್ಟಿಯಾಗಿ ಅದರಲ್ಲಿದ್ದ ಇನ್‌ಸ್ಟಾಲ್ ಸ್ಕ್ರಿಪ್ಟನ್ನು ಓಡಿಸಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಸಾಲುಗಳು ಸರಸರನೆ ಹೋದವು. ನಿಂತವು.

“ಏನಂತೆ?”

ಗಂಡ ಕನ್ನಡಕ ಏರಿಸಿಕೊಂಡು ಬಗ್ಗಿದರು. “ಕೆ, ಇ, ಆರ್, ಎನ್, ಇ, ಎಲ್. ಆಮೇಲೆ ಎಚ್, ಇ, ಎ, ಡಿ, ಇ, ಆರ್, ಎಸ್. ನಾಟ್ ಫೌಂಡ್. ಅಷ್ಟು ಗೊತ್ತಾಯ್ತು ಮಾರಾಯ್ತಿ, ಏನೋ ಸಿಕ್ಕಿಲ್ಲ ಅದಕ್ಕೆ.”

ಕರ್ನೆಲ್ ಎಂದರೆ ಲಿನಕ್ಸಿನ ತಿರುಳು. ಅದರ ಜೊತೆ ಮಾತಾಡುವಂಥ ತಂತ್ರಾಂಶವನ್ನು ಕಟ್ಟಬೇಕಾದರೆ ಅದರ ರಚನೆಯ ವಿವರವಿರುವ ಹೆಡರ್ ಕಡತಗಳು ಬೇಕು, ಕಟ್ಟುವ ಸಲಕರಣೆಗಳೂ ಬೇಕು. ನಮಗೆ ಕೊಟ್ಟ ಲಿನಕ್ಸಿನಲ್ಲಿ ಎರಡೂ ಇರಲಿಲ್ಲ. ಫೋನಿನಿಂದ ಇಂಟರ್‌ನೆಟ್ ಕೊಟ್ಟು, ಮೊದಲು ಇಡೀ ವ್ಯವಸ್ಥೆಯನ್ನು ಅಪ್‌ಡೇಟ್ ಮಾಡಿದೆ. ನಂತರ ಕಟ್ಟುವ ಸಲಕರಣೆಯಾದ ಕಂಪೈಲರ್ ತಂದೆ, ಹೆಡರುಗಳನ್ನೂ ತಂದೆ. ಅಷ್ಟರಲ್ಲಿ ಅಡುಗೆಗೆ ಇಡುವ ಹೊತ್ತಾಗಿತ್ತು. ಅನ್ನಕ್ಕಿಟ್ಟು ಬಂದು ಮತ್ತೆ ಸ್ಕ್ರಿಪ್ಟ್ ಓಡಿಸಿದೆ.

“ಕೆ, ಇ, ಆರ್, ಎನ್...” ಎಂದು ಗಂಡ ಶುರುಮಾಡಿದರು.

“ಸಾಕು, ಗೊತ್ತಾಯ್ತು.”

ಮತ್ತೆ ಅದೇ ದೂರು. ಹೆಡರ್ ಇಲ್ಲವಂತೆ. ಈಗ ತಾನೇ ಹಾಕಿದ್ದೇನಲ್ಲ! ಮತ್ತೊಮ್ಮೆ ಹಾಕಲು ಹೋದರೆ, ಆಗಲೇ ಇದೆ ಎನ್ನುತ್ತದೆ. ಇದೆ ಎನ್ನುವುದೂ ಅದೇ, ಇಲ್ಲ ಎನ್ನುವುದೂ ಅದೇ. ಓರೆಯಾಗಿ ನೋಡೀ ನೋಡೀ ಕತ್ತು ನೋಯುತ್ತಿತ್ತು, ಎಡಗಣ್ಣಿನಿಂದ ನೀರು ಸುರಿಯುತ್ತಿತ್ತು. ಸೆರಗಿನಲ್ಲಿ ಒರೆಸಿಕೊಳ್ಳುವಾಗ ಗಂಡ ಮೆಲ್ಲಗೆ ಅಂದರು:

“ಬಿಡು ಮಾರಾಯ್ತಿ. ಲೈಬ್ರರಿಲಿ ಇದ್ರೂ ಸಂಬಳ ಅದೇ ಅಲ್ವಾ? ಇರೋ ಕಣ್ಣನ್ನಾದ್ರೂ ಉಳಿಸ್ಕೋ.”

ನನಗೆ ಎಲ್ಲಿತ್ತೋ ಸಿಟ್ಟು.

“ನಿಮಗೆ ಮೆಷಿನ್ ಬಿಟ್ಟು ಗೇಟಿನ ಹತ್ರ ಕೂತ್ಕೊಳ್ಳಿ, ಸಂಬಳ ಅದೇ ಕೊಡ್ತೀವಿ ಅಂದಿದ್ರೆ ಕೂರ್ತಿದ್ರಾ?”

ಕಾರ್ಖಾನೆಯ ವಿಷಯ ನಾವು ಮನೆಯಲ್ಲಿ ಎತ್ತುವುದಿಲ್ಲ. ಎತ್ತಿಬಿಟ್ಟಿದ್ದೆ. ಅವರು ಎದ್ದು ಅಡುಗೆಮನೆಗೆ ಹೋದರು. ಕುಕ್ಕರಿನ ಕೆಳಗೆ ಗ್ಯಾಸ್ ಆರಿಸಿದ ಶಬ್ದ ಕೇಳಿಸಿತು. ನಾನು ಪರದೆಯ ಮೇಲಿನ ಆ ಲಕೋಟೆಯನ್ನು ನೋಡುತ್ತಾ ಕುಳಿತೆ. ಕ್ಷಮೆ ಕೇಳಬೇಕು ಎನ್ನಿಸಲಿಲ್ಲ. ನಾನು ಕೇಳಿದ್ದು ಸರಿಯಾದ ಪ್ರಶ್ನೆಯೇ ಎಂದು ಈಗಲೂ ಅನ್ನಿಸುತ್ತದೆ.

ಅವರು ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದೆ ಇಟ್ಟು, ಕುರ್ಚಿ ಎಳೆದುಕೊಂಡು ಕುಳಿತರು.

“ಕೂರ್ತಿರಲಿಲ್ಲ,” ಅಂದರು. “ಏನು ಓದಬೇಕು ಹೇಳು.”

ಮಜ್ಜಿಗೆ ಕುಡಿದು ಯೋಚಿಸಿದೆ. ಈಗ ಓಡುತ್ತಿರುವ ಕರ್ನೆಲ್ ಯಾವುದು ಎಂದು ಕೇಳುವ ಆದೇಶ ಕೊಟ್ಟೆ. ಅದರ ಕೆಳಗೆ, ಹಾಕಿರುವ ಹೆಡರುಗಳ ಹೆಸರನ್ನೂ ತರಿಸಿದೆ.

“ಅಂಕೆಗಳನ್ನ ಓದಿ. ನಿಧಾನಕ್ಕೆ.”

“ಐದು. ಹದಿನೈದು. ಸೊನ್ನೆ. ನೂರಾ ಹನ್ನೊಂದು.”

“ಕೆಳಗಿಂದು?”

“ಐದು. ಹದಿನೈದು. ಸೊನ್ನೆ. ನೂರಾ ಹದಿಮೂರು.”

“ಏನಂದ್ರಿ?”

“ನೂರಾ ಹದಿಮೂರು.”

ಕಣ್ಣಿನಲ್ಲಿ ನೋಡಿದ್ದರೆ ಎರಡೂ ಒಂದೇ ಎಂದು ದಾಟಿಬಿಡುತ್ತಿದ್ದೆ. ಕಿವಿಗೆ ಬಿದ್ದಿದ್ದರಿಂದ ಸಿಕ್ಕಿಬಿತ್ತು. ಅಪ್‌ಡೇಟ್ ಮಾಡಿದಾಗ ಹೊಸ ಕರ್ನೆಲ್ ಬಂದು ಕುಳಿತಿತ್ತು, ಹೆಡರುಗಳೂ ಆ ಹೊಸದಕ್ಕೇ ಬಂದಿದ್ದವು. ಆದರೆ ನಾನು ಲಿನಕ್ಸನ್ನು ರೀಸ್ಟಾರ್ಟ್ ಮಾಡಿರಲೇ ಇಲ್ಲ. ಓಡುತ್ತಿದ್ದದ್ದು ಇನ್ನೂ ಹಳೆಯ ಕರ್ನೆಲ್. ತರಗತಿಯಲ್ಲಿ ನಾನೇ ಹೇಳಿಕೊಡುವ ಪಾಠ ಇದು. ಜೋರಾಗಿ ನಗು ಬಂತು. ಗಂಡನಿಗೆ ಅರ್ಥವಾಗದಿದ್ದರೂ ಅವರೂ ನಕ್ಕರು.

ರೀಸ್ಟಾರ್ಟ್ ಮಾಡಿದೆ. ಸ್ಕ್ರಿಪ್ಟ್ ಓಡಿಸಿದೆ. ಈ ಸಲ ಸಾಲುಗಳು ನಿಂತು ನಿಂತು ಬಂದವು. ಕಟ್ಟುವ ಕೆಲಸ ನಡೆಯುತ್ತಿದೆ ಎಂದು ಆ ತಡವರಿಕೆಯಿಂದಲೇ ತಿಳಿಯಿತು. ದೂರು ಬರಲಿಲ್ಲ. ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದೆ. ಲಕೋಟೆ ಲಕೋಟೆಯಾಗಿಯೇ ಬಂತು. ಮೌಸಿನಿಂದ ಕಿಟಕಿಯ ಮೂಲೆ ಹಿಡಿದು ಎಳೆದೆ. ಒಳಗಿನ ಪರದೆ ಒಂದು ಗಳಿಗೆ ಮಿಣುಕಿ, ಎಳೆದಷ್ಟೂ ದೂರ ಬಂದು ನಿಂತಿತು. ಕಪ್ಪು ಅಂಚು ಎಲ್ಲೂ ಇರಲಿಲ್ಲ.

ಅಕ್ಷರ ದೊಡ್ಡದು ಮಾಡಿದೆ. ಇನ್ನೂ ದೊಡ್ಡದು. ಹರಡಿಕೊಳ್ಳಲಿಲ್ಲ, ಒಂದೊಂದೂ ಕಡೆದಿಟ್ಟ ಹಾಗೆ ನಿಂತಿತ್ತು. ಗಂಡ ಓದಲು ಬಗ್ಗಿದರು.

“ನೀವು ಸುಮ್ಮನಿರಿ. ನಾನು ಓದ್ತೀನಿ,” ಅಂದೆ.

ಓದಿದೆ. ಅಲ್ಲಿದ್ದದ್ದು ಕಂಪ್ಯೂಟರಿನ ಹೆಸರು, ಪಕ್ಕದಲ್ಲಿ ಆದೇಶಕ್ಕೆ ಕಾಯುವ ಒಂದು ಡಾಲರ್ ಚಿಹ್ನೆ, ಅಷ್ಟೇ. ಅದನ್ನೇ ಗಟ್ಟಿಯಾಗಿ ಓದಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಬಂದದ್ದು ಹಸಿವು. ಊಟ ಮಾಡಿ ಬಂದು, ಕಾಪಿಯ ಇನ್ನೊಂದು ಪ್ರತಿ ತೆಗೆದು, ಮೊದಲಿನಿಂದ ಮತ್ತೆ ಎಲ್ಲವನ್ನೂ ಮಾಡಿದೆ. ಕೈ ತಪ್ಪದೆ ಬರುವವರೆಗೂ.

ಸೋಮವಾರ ಪ್ರಿನ್ಸಿಪಾಲರು ಮಾತಿನ ಪ್ರಕಾರ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ನನ್ನ ಕಂಪ್ಯೂಟರಿನ ಚಿತ್ರ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೀಳುತ್ತಿತ್ತು: ಅಷ್ಟು ದೊಡ್ಡ ಗೋಡೆ, ನಡುವೆ ಅದೇ ಸಣ್ಣ ಕಿಟಕಿ.

“ಹಿಂದೆ ಕೂತಿರೋರಿಗೆ ಇದು ಓದಕ್ಕೆ ಆಗತ್ತಾ?” ಎಂದು ಕೇಳಿದೆ.

ಒಬ್ಬಳು, “ಇಲ್ಲ ಮೇಡಂ,” ಅಂದಳು.

“ನನಗೂ ಇಲ್ಲ. ನನ್ನ ಒಂದು ಕಣ್ಣು ಹೋಗಿದೆ, ಇನ್ನೊಂದು ಅರ್ಧ ಇದೆ. ನಿಮ್ಮ ಎರಡೂ ಚೆನ್ನಾಗಿವೆ. ಆದ್ರೂ ಕಾಣ್ತಿಲ್ಲ. ಅದಕ್ಕೇ ಇವತ್ತಿನ ಪಾಠ, ಈ ಲಿನಕ್ಸಿಗೆ ಗೆಸ್ಟ್ ಯುಟಿಲಿಟಿ ಹಾಕೋದು. ನಾನು ಹಾಕಲ್ಲ. ನೀವು, ನಿಮ್ಮ ನಿಮ್ಮ ಮೆಷಿನ್ನಿಗೆ ನೀವೇ ಹಾಕ್ತೀರಿ.”

ಪ್ರಿನ್ಸಿಪಾಲರ ಕುರ್ಚಿ ಕಿರ್ರೆಂದಿತು. ‘ಮುಟ್ಟಬೇಡಿ’ ಅಂದಿದ್ದು ಅವರಿಗೆ ನೆನಪಿತ್ತು, ನನಗೂ ನೆನಪಿತ್ತು. ನಾನು ಆ ಕಡೆ ತಿರುಗಲಿಲ್ಲ. ಮೊದಲು ಎಲ್ಲರ ಕೈಯಲ್ಲೂ ಸ್ನ್ಯಾಪ್‌ಶಾಟ್ ತೆಗೆಸಿದೆ. ಲಿನಕ್ಸ್ ಈಗ ಹೇಗಿದೆಯೋ ಹಾಗೇ ಒಂದು ಅಚ್ಚು ಎತ್ತಿಟ್ಟುಕೊಳ್ಳುವುದು ಅದು. ಕೆಟ್ಟರೆ ಅಲ್ಲಿಗೆ ವಾಪಸು ಬರಬಹುದು. ಆಮೇಲೆ ಅಪ್‌ಡೇಟ್, ರೀಸ್ಟಾರ್ಟ್, ಕಂಪೈಲರ್, ಹೆಡರುಗಳು, ಸಿ.ಡಿ., ಸ್ಕ್ರಿಪ್ಟ್, ಮತ್ತೆ ರೀಸ್ಟಾರ್ಟ್. ಆದೇಶಗಳನ್ನು ಬಾಯಲ್ಲಿ ಹೇಳುತ್ತಾ ಸಾಲುಗಳ ನಡುವೆ ಓಡಾಡಿದೆ. ಏನಾದರೂ ತೊಡಕು ಬಂದರೆ, “ಗಟ್ಟಿಯಾಗಿ ಓದು,” ಎನ್ನುತ್ತಿದ್ದೆ. ತಾವು ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದಲು ಹೋದಾಗ ಅರ್ಧ ಜನಕ್ಕೆ ತಪ್ಪು ತಾವಾಗಿಯೇ ಸಿಗುತ್ತಿತ್ತು.

ಒಂದೊಂದೇ ಪರದೆ ಅಗಲವಾಗತೊಡಗಿತು. “ಬಂತು! ಬಂತು!” ಎಂಬ ಕೂಗು. ಅಷ್ಟರಲ್ಲಿ ಲ್ಯಾಬಿನ ಕಿಟಕಿಯ ಬದಿಯಿಂದ ಬೇರೆಯೇ ದನಿ: “ಮೇಡಂ, ಹೋಯ್ತು! ಎಲ್ಲಾ ಕಪ್ಪಾಯ್ತು!”

ಪ್ರಿನ್ಸಿಪಾಲರು ಎದ್ದು ನಿಂತರು. ನನ್ನ ಕಿರಿಯ ಸಹೋದ್ಯೋಗಿ ಆ ಯಂತ್ರದ ಕಡೆ ಓಡಿದಳು, ನಡುದಾರಿಯಲ್ಲೇ ನಿಂತು ನನ್ನ ಕಡೆ ನೋಡಿದಳು. ಅವಳು ಹಾಗೆ ನಿಂತದ್ದನ್ನು ನಾನು ಮರೆಯುವುದಿಲ್ಲ. ಅವಳೇ ಹೋಗಿ ಸರಿಮಾಡಿಬಿಡಬಹುದಿತ್ತು, ನನಗೆ ಬಿಟ್ಟಳು.

“ಸ್ನ್ಯಾಪ್‌ಶಾಟ್ ತಗೊಂಡಿದೀಯ ತಾನೆ?” ಎಂದು ಹುಡುಗಿಯನ್ನು ಕೇಳಿದೆ.

“ಹ್ಞೂಂ ಮೇಡಂ.” ಅಳುವುದೊಂದೇ ಬಾಕಿ.

“ಮತ್ಯಾಕೆ ಹೆದರ್ತೀಯ? ಮೆಷಿನ್ ಆಫ್ ಮಾಡು. ಸ್ನ್ಯಾಪ್‌ಶಾಟಿಗೆ ವಾಪಸು ಹೋಗು. ಈಗ ಸೆಟ್ಟಿಂಗ್ಸ್ ತೆಗೆದು, ಡಿಸ್‌ಪ್ಲೇಗೆ ಎಷ್ಟು ಮೆಮೊರಿ ಕೊಟ್ಟಿದಾರೆ ಅಂತ ಓದು.”

ಓದಿದಳು. ಆ ಒಂದು ಯಂತ್ರಕ್ಕೆ ಮಾತ್ರ ತೀರಾ ಕಡಿಮೆ ಇಟ್ಟಿದ್ದರು. ಹೆಚ್ಚು ಮಾಡಿಸಿದೆ. ಮತ್ತೆ ಮೊದಲಿನಿಂದ ಮಾಡಿದಳು. ಗಂಟೆ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ. ಅವಳ ಪರದೆಯೂ ಅಗಲವಾದಾಗ ‘ಒಂದಲ್ಲ, ಎಲ್ಲು’ ಎಂದಿದ್ದ ಹುಡುಗನೇ ಮೊದಲು ಚಪ್ಪಾಳೆ ಹೊಡೆದ.

ಎಲ್ಲರೂ ಹೋದ ಮೇಲೆ ಪ್ರಿನ್ಸಿಪಾಲರು ಮುಂದೆ ಬಂದರು.

“ಕ್ಲಾಸ್ ಚೆನ್ನಾಗಿತ್ತು. ಒಪ್ಪಿದೆ. ಆದ್ರೆ ಮೇಡಂ, ನಾಳೆ ಇನ್ನೂ ಕಣ್ಣು ಮಂಜಾದ್ರೆ?”

“ನಾಳೆದು ನಾಳೆ ಮಾತಾಡೋಣ ಸಾರ್. ಇವತ್ತು ಕಾಣ್ತಿದೆ.”

ಲೈಬ್ರರಿಯ ಮಾತು ಅಲ್ಲಿಗೆ ನಿಂತಿತು. ಆದರೆ ಕೆಲವು ದಿನಗಳ ಮೇಲೆ ಲ್ಯಾಬಿನ ಜವಾಬ್ದಾರಿಯನ್ನು ನನಗೂ ಕಿರಿಯಳಿಗೂ ಜಂಟಿಯಾಗಿ ಕೊಟ್ಟರು. ‘ಒಂದು ಭದ್ರತೆ ಇರಲಿ’ ಎಂದರು. ಅವಳೇ ಹೋಗಿ, “ಅಕ್ಕ ಇರುವಾಗ ನನಗೆ ಬೇಡ ಸಾರ್,” ಎಂದು ಹೇಳಿಬಂದಳು. ಆದರೂ ಬದಲಾಗಲಿಲ್ಲ. ಅದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ವರ್ಷಕ್ಕೊಮ್ಮೆ ಕೆಲಸ ಹಂಚುವ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ. ಮುಂದಿನ ಸಭೆಯಲ್ಲೂ ಹೇಳುವವಳೇ.

ಕರ್ನೆಲ್ ಬದಲಾದಾಗ ಒಂದೊಂದು ಸಲ ಆ ಗೆಸ್ಟ್ ಯುಟಿಲಿಟಿ ಕೈಕೊಡುತ್ತದೆ. ಬೆಳಿಗ್ಗೆ ಲ್ಯಾಬ್ ತೆರೆದರೆ ಪರದೆಗಳೆಲ್ಲ ಮತ್ತೆ ಮುದುಡಿಕೊಂಡಿರುತ್ತವೆ. ಯಾರನ್ನೂ ಕೇಳುವುದಿಲ್ಲ. ಆ ದಿನದ ಪಾಠ ಬದಿಗಿಟ್ಟು, ಎಲ್ಲರೂ ಸೇರಿ ಮತ್ತೆ ಹಾಕುತ್ತೇವೆ.

ಈಚೆಗೆ ಎಡಗಣ್ಣಿನಲ್ಲಿ ನೆಟ್ಟಗಿನ ಗೆರೆಗಳು ಡೊಂಕಾಗಿ ಕಾಣುತ್ತಿವೆ. ಈ ಕಣ್ಣಿನ ನಡುಭಾಗವೂ ಹೋಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಗಂಡ ನನ್ನ ಕೈ ಹಿಡಿದುಕೊಂಡೇ ಇದ್ದರು. ಮರುದಿನ ಲಿನಕ್ಸಿನಲ್ಲಿ ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಹಾಕಿಕೊಂಡೆ. ಅದರ ದನಿ ಮಹಾ ಒರಟು, ಕನ್ನಡದ ಹೆಸರುಗಳನ್ನಂತೂ ಜಗಿದು ಉಗಿಯುತ್ತದೆ. ಗಂಡನ ಓದು ಇದಕ್ಕಿಂತ ಎಷ್ಟೋ ವಾಸಿ. ಆದರೆ ಲ್ಯಾಬಿಗೆ ಅವರನ್ನು ಕರೆದುಕೊಂಡು ಹೋಗಲು ಆಗುವುದಿಲ್ಲವಲ್ಲ. ದಿನಾ ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ಇಯರ್‌ಫೋನ್ ಹಾಕಿಕೊಂಡು ಅದರ ಮಾತಿಗೆ ಕಿವಿಯನ್ನು ಒಗ್ಗಿಸುತ್ತಿದ್ದೇನೆ. ಮೊನ್ನೆಯಿಂದ ಅದರ ವೇಗವನ್ನು ಒಂದು ಹಂತ ಹೆಚ್ಚಿಸಿದ್ದೇನೆ.